ಓದದೇ ಒತ್ತಿದ ಹೆಬ್ಬೆರಳು

"ನಾಚಿಕೆ ಆಗಲ್ವಾ ಮಾಸ್ಟರ್? ಹೇಳದೆ ಕೇಳದೆ ನಾಲ್ಕು ದಿನ ಮಾಯ! ನಿಮ್ಮಿಂದ ಆರುನೂರು ಶರ್ಟು ಹಾಳಾಯ್ತು!"

ಗಾರ್ಮೆಂಟ್ ಕಾರ್ಖಾನೆಯ ಕಟಿಂಗ್ ವಿಭಾಗದ ಕತ್ತರಿಗಳೆಲ್ಲ ಗಪ್‌ಚಿಪ್. ಕೂಗಿದವಳು ಅಲ್ಲಿನ ಸೂಪರ್‌ವೈಸರ್. ಎದುರು ನಿಂತವನು ಬಟ್ಟೆ ಕತ್ತರಿಸಲು ಅಳತೆಯ ಕಾಗದದ ಮಾದರಿ, ಅಂದರೆ ಪ್ಯಾಟರ್ನ್, ತಯಾರಿಸುವ ಮಾಸ್ಟರ್, ಅವಳ ಮನಸ್ಸು ಕದ್ದವನು. ಅದಕ್ಕೇ ಸಿಟ್ಟು ದುಪ್ಪಟ್ಟು! ತಾನೇ ಅವನಿಗೊಂದು ಫೋನ್ ಮಾಡಲೂ ಅವಳ ಬಿಗುಮಾನ ಬಿಟ್ಟಿರಲಿಲ್ಲ.

ಅವನ ಕಣ್ಣುಗಳು ಕೆಂಪಾಗಿದ್ದವು.

"ಹೇಳಿದ್ನಲ್ಲ... ನಿಮಗೊಬ್ಬರಿಗೇ ಹೇಳಿದ್ದೆ."

ಅವನು ಮೊಬೈಲ್ ಮುಂದೆ ಹಿಡಿದ.

'ಅಮ್ಮ ಈಗ ತೀರ್ಕೊಂಡ್ರು. ಮೇಜಿನ ಮೇಲಿರೋ ಪ್ಯಾಟರ್ನ್ ತಪ್ಪಿದೆ, ಕತ್ತರಿಸ್ಬೇಡಿ. ಒಂದ್ಸಲ ಬರ್ತೀರಾ? ಒಬ್ನೇ ಇದ್ದೀನಿ.'

ಅದರ ಕೆಳಗೆ ಅವಳು ಒತ್ತಿದ್ದ, 'ಸರಿ' ಎನ್ನುವ ಹೆಬ್ಬೆರಳಿನ ಚಿತ್ರ!



ಮೊಬೈಲಿನಲ್ಲಿ ಕೆಲಸದ್ದೇ ಏಳು ವಾಟ್ಸಾಪ್ ಗುಂಪು, ದಿನಕ್ಕೆ ಮುನ್ನೂರು ಸಂದೇಶ; ಅವುಗಳ ನಡುವೆ ಅವನದೂ ಮುಳುಗಿತ್ತು. ಗುಂಡಿ ಬದಲು, ದಾರ ಬದಲು, ಬದಲಾಗಿದ್ದು ಮತ್ತೆ ಬದಲು. ಎಲ್ಲ ಓದುತ್ತ ಕೂತರೆ ಬಟ್ಟೆ ಕತ್ತರಿಸುವವರು ಯಾರು? ಚಹಾ ಕುಡಿಯುತ್ತ ಸಾಲಾಗಿ ಹೆಬ್ಬೆರಳು ಒತ್ತಿಬಿಡುವುದು ಅಲ್ಲಿ ಎಲ್ಲರಿಗೂ ರೂಢಿ. ಆಮೇಲೆ 'ಹೇಳಿದ್ವಿ', 'ಹೇಳಿಲ್ಲ' ಅಂತ ಹೊಲಿಗೆಯವರಿಗೂ ಕಟಿಂಗ್‌ನವರಿಗೂ ದಿನಾ ಜಗಳ.

'ಅಯ್ಯೋ... ಅವರಮ್ಮನ ಸಾವಿಗೆ ನಾನು ಸರಿ ಅಂದುಬಿಟ್ಟೆನಾ?'

"ನಾನು ಓದಿರ್ಲಿಲ್ಲ... ದೇವರಾಣೆ!"

"ಬಾಗಿಲು ನೋಡ್ತಾ ಕೂತಿದ್ದೆ. ಸಂಜೆವರೆಗೂ." ಅವನು ಮೊಬೈಲ್ ಜೇಬಿಗಿಳಿಸಿದ. "ಬೇರೆ ಯೂನಿಟ್‌ಗೆ ವರ್ಗ ಕೇಳಿದ್ದೀನಿ. ನಾಳೆಯಿಂದ ಇಲ್ಲಿಗೆ ಬರಲ್ಲ."

ಅವನು ತನ್ನ ಸ್ಕೇಲು, ಪೆನ್ಸಿಲ್ ಎತ್ತಿಟ್ಟುಕೊಳ್ಳತೊಡಗಿದ.

ಗದ್ದಲ ಕೇಳಿ ಮ್ಯಾನೇಜರ್ ಬಂದರು. "ಯಾರದ್ರೀ ತಪ್ಪು?"

"ನಂದು ಸರ್! ಮಾಸ್ಟರ್ ಮೊದಲೇ ಹೇಳಿದ್ರು. ನಾನು ಓದದೇ ಒತ್ತಿದೆ." ಎಲ್ಲರೆದುರೇ ಅತ್ತಳು. "ಏಳರಲ್ಲಿ ಆರು ಗುಂಪು ಮುಚ್ಚಿಬಿಡಿ ಸರ್. ಅಳತೆ ಬದಲಾದ್ರೆ ಕಾಗದದಲ್ಲಿ ಬರೆದು ಮೇಜಿಗೆ ಅಂಟಿಸೋಣ. ಓದಿದವರು ಸಹಿ ಹಾಕ್ಲಿ. ಅವಸರದ್ದಾದ್ರೆ ನಡೆದು ಬಂದು ಬಾಯಲ್ಲಿ ಹೇಳ್ಲಿ."

"ಈ ಮಾತನ್ನೂ ಒಂದು ಗುಂಪಲ್ಲಿ ಹಾಕ್ತೀರೇನೋ ಅಂದ್ಕೊಂಡೆ," ಎಂದ ಮ್ಯಾನೇಜರ್ ನಗಲಿಲ್ಲ. ತಮ್ಮ ಮೊಬೈಲ್ ತೆಗೆದು ಅಲ್ಲೇ ಒಂದೊಂದೇ ಗುಂಪು ಮುಚ್ಚಿದರು.

ಆದರೆ ಹೋದ ಜೀವ? ಕಾದ ಆ ಸಂಜೆ?

ಹೊರಟುಹೋಗುತ್ತಿದ್ದ ಅವನ ಹಿಂದೆ ಗೇಟಿನವರೆಗೂ ಓಡಿದಳು. "ಕ್ಷಮಿಸಿ ಅನ್ನೋಕೂ ಮುಖ ಇಲ್ಲ. ಆದ್ರೂ ಹೇಳ್ಬೇಕು... ನಿಮ್ಮನ್ನ ಪ್ರೀತಿಸ್ತೀನಿ. ಹೋಗೋದಾದ್ರೆ ಇದನ್ನ ಕೇಳಿಸ್ಕೊಂಡು ಹೋಗಿ."

ಅವನು ಗೇಟಿನಲ್ಲೇ ನಿಂತು ತಿರುಗಿದ.

"ಅಮ್ಮನ ಸೀರೆಗಳು ಹಾಗೇ ಹರಡ್ಕೊಂಡು ಬಿದ್ದಿವೆ. ಮಡಚೋಕೆ ಹೋದ್ರೆ... ಕೈ ಬರ್ತಿಲ್ಲ."

"ನಾನು ಬರ್ಲಾ?"

"ಅಳ್ತೀನಿ ನಾನು."

"ಅಳಿ. ಪಕ್ಕದಲ್ಲೇ ಕೂತಿರ್ತೀನಿ."

"ಹಾಗಾದ್ರೆ... ಬಾ."