ಬೆಕ್ಕು ಬಂದು ಹೋಗುವಷ್ಟು ಹೊತ್ತು

“ನಾಲ್ಕು... ಐದು...”

ಚಿನಕುರಳಿ ಉಸಿರು ಬಿಗಿಹಿಡಿದು ಎಣಿಸುತ್ತಿದ್ದಳು. ಮೆಟ್ಟಿಲ ಕೆಳಗಿನ ಮಬ್ಬಿನಲ್ಲಿ ಮೂರು ಬೆಕ್ಕಿನ ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆಹೋಗಿದ್ದವು. ಫ್ಲ್ಯಾಶ್ ಹಾಕುವಂತಿಲ್ಲ. ತಾಯಿ ಬೆಕ್ಕು ಹೆದರಿದರೆ ಮರಿಗಳನ್ನು ಎಲ್ಲಿಗಾದರೂ ಕಚ್ಚಿಕೊಂಡು ಹೋದೀತು.

ಸ್ಟುಡಿಯೋ ಇಟ್ಟಿರುವ ಅತ್ತೆ ಮೊದಲು ತನ್ನ ಡಿಜಿಟಲ್ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ತೆಗೆದಿದ್ದಳು. ಎಂಟೇ ಸೆಕೆಂಡು, ಮರಿಗಳು ಸ್ಕ್ರೀನಿನ ಮೇಲೆ ಹಾಜರು! ಕತ್ತಲಿದ್ದ ಕಡೆ ಮಾತ್ರ ಬಣ್ಣದ ಮರಳು ಚೆಲ್ಲಿದಂತೆ ಚುಕ್ಕೆಗಳು.

ಆಮೇಲೆ ಅದೇ ಸ್ಟ್ಯಾಂಡಿಗೆ ಹಳೆಯ ಫಿಲ್ಮ್ ಕ್ಯಾಮೆರಾ ಸಿಕ್ಕಿಸಿದಳು. “ರೋಲಲ್ಲಿ ಉಳಿದಿರೋದು ಒಂದೇ ಫೋಟೋ ಕಣೇ, ಹಾಳು ಮಾಡ್ಬೇಡ. ಈ ವೈರಿನ ಗುಂಡಿ ಒತ್ತಿ ಹಿಡ್ಕೊ, ಎಂಟು ಎಣಿಸಿ ಬಿಡು. ನಾಳೆ ಸೈನ್ಸ್ ಎಕ್ಸಿಬಿಶನ್‌ನಲ್ಲಿ ಎರಡೂ ಫೋಟೋ ಪಕ್ಕಪಕ್ಕ ಇಡು” ಎಂದು ಹೇಳಿ ಸ್ಟುಡಿಯೋಗೆ ಹೋಗಿದ್ದಳು.

“ಆರು... ಏಳು...”

ಸರಕ್ಕನೆ ತಾಯಿ ಬೆಕ್ಕು ಬಂತು! ಮರಿಗಳ ಪಕ್ಕ ನಿಂತು ಅವಳನ್ನೇ ದುರುಗುಟ್ಟಿ ನೋಡಿತು.

ಚಿನಕುರಳಿಯ ಜೀವ ಬಾಯಿಗೆ ಬಂತು. ಬೆರಳು ಅಲ್ಲಾಡಿಸಿದರೂ ಇದು ಮರಿಗಳನ್ನು ಸಾಗಿಸುತ್ತದೆ! ಎಣಿಕೆ ಎಲ್ಲೋ ತಪ್ಪಿಹೋಯಿತು. ಬೆಕ್ಕು ತಿರುಗಿ ಹೊರಗೆ ಹೋದ ಮೇಲೆಯೇ ಅವಳ ಬೆರಳು ಗುಂಡಿ ಬಿಟ್ಟದ್ದು.

ಕ್ಯಾಮೆರಾ ತಂದುಕೊಟ್ಟಾಗ ಅತ್ತೆ ಕೇಳಿದಳು. “ಎಂಟಕ್ಕೆ ಬಿಟ್ಟೆ ತಾನೆ?”

“ಹೂಂ.”

“ಏನೇ, ಒಂದು ಕೇಳಿದ್ರೆ ಹತ್ತು ಹೇಳೋಳು, ಇವತ್ತು ಬರೀ ಹೂಂ?”



ಅತ್ತೆ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡಳು. ಚಿನಕುರಳಿ ಹೊರಗೆ ಸ್ಟೂಲಿನ ಮೇಲೆ ಕೂತಳು. ಅಷ್ಟು ಹೊತ್ತು ಬೆಳಕು ಬಿದ್ದರೆ ಫೋಟೋ ಬೆಳ್ಳಗಾಗಿ ಹಾಳಾಗಿರುತ್ತದೆ. ಅತ್ತೆಯ ರೋಲಿನ ಕೊನೆಯ ಫೋಟೋ! ಮೇಲಿಂದ ಸುಳ್ಳು ಬೇರೆ. ಒಳಗೆ ನೀರು ಬಿಡುವ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು.

ಕೊನೆಗೆ ಬಾಗಿಲು ತೆರೆಯಿತು. ಅತ್ತೆಯ ಕೈಯಲ್ಲಿ ಒದ್ದೆ ಪ್ರಿಂಟ್.

“ಬಾ ಇಲ್ಲಿ. ಮರಿಗಳು ಎಷ್ಟು ಚೆನ್ನಾಗಿ ಬಂದಿವೆ ನೋಡು. ಅದೇ ಆಶ್ಚರ್ಯ!”

“ಯಾಕೆ?”

“ನಾನೇ ಪೆದ್ದಿ, ಡಿಜಿಟಲ್ ಲೆಕ್ಕಾನೇ ಫಿಲ್ಮಿಗೂ ಹೇಳ್ಬಿಟ್ಟೆ. ಡಿಜಿಟಲ್ಲು ಮಬ್ಬಲ್ಲೂ ಒಂದೇ ಸಮ ಬೆಳಕು ಕೂಡಿಸ್ಕೊಳ್ತಾ ಹೋಗುತ್ತೆ. ಫಿಲ್ಮಿಗೆ ಹಾಗಲ್ಲ, ಬೆಳಕು ಕಮ್ಮಿಯಾದ್ರೆ ಜಡ ಹಿಡಿಯುತ್ತೆ. ಎರಡು ಮೂರು ಪಟ್ಟು ಹೊತ್ತು ಕೊಡ್ಬೇಕು. ಎಂಟಕ್ಕೇ ಬಿಟ್ಟಿದ್ರೆ ಮರಿಗಳು ಸರಿಯಾಗಿ ಕಾಣ್ತಾನೇ ಇರ್ಲಿಲ್ಲ.”

ಅತ್ತೆಯ ಬೆರಳು ಫೋಟೋದ ಅಂಚಿಗೆ ಸರಿಯಿತು. ಅಲ್ಲಿ ಹೊಗೆಯಿಂದ ಮಾಡಿದಂತಹ ಒಂದು ಬೆಕ್ಕು. ಅದರ ಹೊಟ್ಟೆಯ ಮೂಲಕ ಹಿಂದಿನ ಗೋಡೆಯೇ ಕಾಣುತ್ತಿತ್ತು.

“ಇವರು ಯಾವಾಗ ಬಂದ್ರು?”

ಕಟ್ಟೆ ಒಡೆಯಿತು. “ಏಳು ಅನ್ನೋವಾಗ ಬಂತು ಅತ್ತೆ! ನನ್ನನ್ನೇ ನೋಡ್ತಿತ್ತು, ಬೆರಳು ಎತ್ತಿದ್ರೆ ಮರೀನ ಎತ್ಕೊಂಡು ಹೋಗುತ್ತೆ ಅಂತ... ನಾನು ಎಂಟಕ್ಕೆ ಬಿಡ್ಲೇ ಇಲ್ಲ!”

“ಮತ್ತೆ ಎಷ್ಟು ಎಣಿಸಿದೆ?”

“ಗೊತ್ತಿಲ್ಲ.”

ಅತ್ತೆ ಪ್ರಿಂಟನ್ನು ಕ್ಲಿಪ್ಪಿಗೆ ಸಿಕ್ಕಿಸಿದಳು. “ಅದನ್ನ ಆಗ್ಲೇ ಹೇಳೋಕೆ ಏನಾಗಿತ್ತು ನಿಂಗೆ?” ಎಂದು ತಲೆಗೊಂದು ಮೆಲ್ಲಗೆ ಮೊಟಕಿದಳು.

ಮರುದಿನ ಎಕ್ಸಿಬಿಶನ್ ಮೇಜಿನ ಮೇಲೆ ಡಿಜಿಟಲ್ ಫೋಟೋದ ಕೆಳಗೆ ಚಿನಕುರಳಿ ‘ಎಂಟು ಸೆಕೆಂಡು’ ಎಂದು ಬರೆದಳು. ಫಿಲ್ಮ್ ಫೋಟೋದ ಕೆಳಗೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ದುಂಡಗೆ ಬರೆದಳು:

‘ಸರಿಯಾಗಿ ಗೊತ್ತಿಲ್ಲ. ತಾಯಿ ಬೆಕ್ಕು ಬಂದು, ನೋಡಿ, ಹೋಗುವಷ್ಟು ಹೊತ್ತು.’