ಪಡುವಣಕ್ಕೆ ಹರಿದ ಕೃಷ್ಣೆ

ಪೋಷಕರೆಲ್ಲ ನೋಡುತ್ತಿದ್ದಂತೆಯೇ ಕೃಷ್ಣೆ ಪಶ್ಚಿಮಕ್ಕೆ ಹರಿದು ಮುಖ್ಯೋಪಾಧ್ಯಾಯ ಜಾಧವರ ಚಪ್ಪಲಿ ತೋಯಿಸಿದಳು.

ಸಾತಾರದ ನಮ್ಮ ಶಾಲೆಯಲ್ಲಿ ವತ್ಸಲಾಬಾಯಿ ಎರಡನೇ ತರಗತಿಗೆ ಭೂಗೋಳ ಕಲಿಸುತ್ತಿದ್ದುದೇ ಹಾಗೆ. ದೀಪಾವಳಿಗೆ ಮಕ್ಕಳು ಕಟ್ಟಿದ ಮಣ್ಣಿನ ಕೋಟೆಗಳನ್ನೆಲ್ಲ ಕಲಸಿ, ತರಗತಿಯ ನೆಲದ ಮೇಲೆ ಇಡೀ ಜಿಲ್ಲೆಯನ್ನೇ ಮಾಡಿಸಿದ್ದರು. ಪಶ್ಚಿಮಕ್ಕೆ ಸಹ್ಯಾದ್ರಿ, ಅದರ ಮೇಲೆ ಮೊಳಕೆ ಹುಲ್ಲು, ಅಲ್ಲಿಂದ ಪೂರ್ವಕ್ಕೆ, ಚೊಂಬಿನಲ್ಲಿ ನೀರು ಹೊಯ್ದರೆ ಹರಿಯುವ ಕೃಷ್ಣೆ. "ಲಾಡು ಕಳ್ಳ ಹೊಳೆಗುಂಟ ಓಡಿದ, ಹಿಡೀರಿ!" ಎಂದರೆ ಸಾಕು, ಮಕ್ಕಳು ದಿಕ್ಕು ಹುಡುಕುತ್ತ ಮುಗಿಬೀಳುತ್ತಿದ್ದರು. ಹಿಡಿದವರ ಎದೆಗೆ ತಗಡಿನ ಬಿಲ್ಲೆ. ಟೀಚರನ್ನು 'ಬಾಯಿ' ಎಂದೇ ಕರೆಯುವ ಮಕ್ಕಳ ಪಾಲಿಗೆ ಅವರು ಪತ್ತೇದಾರಿ ಬಾಯಿ; ಅವರ ಸಹಾಯಕಿ ಕೇತಕಿಯಾದ ನಾನು ಬರೀ 'ಇನ್ನೊಬ್ಬ ಬಾಯಿ'. ಪದವಿ ನನಗಿತ್ತು, ಸೆರಗು ಹಿಡಿಯುವ ಮಕ್ಕಳು ಅವರಿಗಿದ್ದರು.

"ಸಾಕು ಈ ಮಣ್ಣಾಟ," ಜಾಧವರು ಕಾಲು ಒದರಿದರು. "ನಾಳೆಯಿಂದ ಪುಸ್ತಕ ತೆಗೀರಿ."

"ಐದು ನಿಮಿಷ ಕೊಡಿ, ಸರ್. ಹೊಳೆ ತಿರುಗಿಸಿದ ಕಳ್ಳನ್ನ ಹಿಡಿದು ಕೊಡ್ತೀನಿ. ಆಗದಿದ್ರೆ ಆಟ ನಿಲ್ಲಿಸ್ತೀನಿ."

ಬಾಯಿ ಮಂಡಿಯೂರಿದರು. ಗುಡ್ಡದ ನಡುವೆ ಒಂದು ಗೇಣು ಹುಲ್ಲು ಬಾಡಿತ್ತು. ಹಳೆಯ ಹೊಳೆ ಮುಚ್ಚಿಹೋಗಿತ್ತು. ಹೊಸದರ ಪಾತ್ರ ಒಂದು ಎಳೆಬೆರಳಿನಷ್ಟೇ ಅಗಲ. ಸುತ್ತಲಿನ ನೆಲ ಕನ್ನಡಿಯಂತಿತ್ತು.

"ಶನಿವಾರ ಬೀಗ ಹಾಕಿದ್ದು ಯಾರು?"

"ನಾನೇ," ಎಂದೆ. ಹಿಂದಿನಿಂದ ಯಾರೋ ತಾಯಿ "ಓಹೋ!" ಎಂದಳು. ನನ್ನ ಕಿವಿ ಬಿಸಿಯಾಯಿತು.

ಬಾಯಿ ಮಕ್ಕಳತ್ತ ತಿರುಗಿದರು. "ಎಲ್ಲಾ ಕಣ್ಣು ಮುಚ್ಚಿ. ನಿಮ್ಮ ಅಜ್ಜಿ ಊರಿನ ಹೊಳೆ ಎತ್ತ ಹೋಗುತ್ತೆ? ಕೈ ತೋರಿಸಿ."

ಮೂವತ್ತು ಕೈ ಪೂರ್ವಕ್ಕೆ. ಒಂದೇ ಒಂದು ಪಶ್ಚಿಮಕ್ಕೆ. ಅದು ಈ ವರ್ಷ ಕೊಂಕಣ ಕರಾವಳಿಯ ಮಾಲವಣದಿಂದ ಬಂದು ಸೇರಿದ ಸಮಿಧಾಳದು.

"ಹುಲ್ಲು ಯಾಕೆ ಬಾಡಿತು? ಗುಡ್ಡ ಬಿದ್ದಿತ್ತು, ಕಿತ್ತುಬಂದ ಹುಲ್ಲನ್ನ ಮತ್ತೆ ನೆಟ್ಟಿದ್ದಾರೆ," ಎಂದರು ಬಾಯಿ. "ಆಟ ಕೆಡಿಸೋಕೇ ಬಂದವರು ರಿಪೇರಿ ಮಾಡ್ತಾರಾ? ಕೆಡವಿ ಹೆದರಿದವರು ಮಾಡ್ತಾರೆ. ಹೊಳೆ ಕೆರೆದ ಬೆರಳು ಮಗೂದು. ಆದರೆ ಇಲ್ಲಿನ ಮಗು ನಿದ್ದೆಗಣ್ಣಲ್ಲೂ ಕೃಷ್ಣೆಯನ್ನ ಸೂರ್ಯ ಮುಳುಗೋ ಕಡೆ ಬಿಡಲ್ಲ. ಕೊಂಕಣದ ಮಗೂಗೆ ಹೊಳೆ ಅಂದ್ರೆ ಸಮುದ್ರಕ್ಕೆ ಹೋಗೋದು, ಸಮುದ್ರ ಅಂದ್ರೆ ಪಶ್ಚಿಮ."

ಸಮಿಧಾ ಬಿಕ್ಕಿದಳು. "ಯಾವಾಗ್ಲೂ ಅವಧೂತಂಗೇ ಬಿಲ್ಲೆ! ಅವನು ಕಟ್ಟಿದ ಗುಡ್ಡ ಅಂತ ಒದ್ದೆ..."

"ನಿಮ್ಮೂರ ಹೊಳೆಯನ್ನ ಸರಿಯಾಗೇ ಹರಿಸಿದೀಯ, ಪುಟ್ಟಿ. ಗುಡ್ಡದ ಆಚೆ ಬಿದ್ದ ಮಳೆ ನಿಮ್ಮದು, ಈಚೆ ಬಿದ್ದದ್ದು ನಮ್ಮದು. ಅವಧೂತ, ಬಾರೋ, ಇಬ್ಬರೂ ಸೇರಿ ಎರಡೂ ಹೊಳೆ ಮಾಡಿ."

"ಇವಳು ಮತ್ತೆ ಒದ್ದರೆ?" ಎಂದ ಅವಧೂತ. ಪೋಷಕರು ನಕ್ಕರು, ಜಾಧವರೂ ನಕ್ಕರು. ಆಟ ಉಳಿಯಿತು.

ಎಲ್ಲರೂ ಹೋದ ಮೇಲೆ ಬಾಯಿ ಮೆಲ್ಲಗೆ ಕೇಳಿದರು: "ಗುಡ್ಡ ಬಿದ್ದರೂ ನೆಲದ ಮೇಲೆ ಒಂದು ಚೂರು ಮಣ್ಣಿಲ್ಲ. ಏಳು ವರ್ಷದ ಮಗು ಹಾಗೆ ಗುಡಿಸುತ್ತಾ, ಕೇತಕಿ? ಕೃಷ್ಣೆಯ ದಡದಲ್ಲೇ ಹುಟ್ಟಿದವಳು ನೀನು. ಹೊಳೆ ತಿರುಗಿದ್ದು ನಿನಗೆ ಕಾಣಲಿಲ್ವಾ?"

"ಕಂಡಿತ್ತು." ಸುಳ್ಳು ನಾಲಿಗೆಗೆ ಬರಲಿಲ್ಲ. "ಮಕ್ಕಳ ಮುಂದೆ ಒಂದು ಸಲವಾದ್ರೂ ನೀವು ಸೋಲಬೇಕು ಅನಿಸ್ತು."

ಬಾಯಿ ಸೆರಗಿನ ಮಣ್ಣು ಒದರಿದರು. "ಸಮಿಧಾ ಎಲ್ಲರ ಮುಂದೆ ಒಪ್ಪಿಕೊಂಡಳು," ಎಂದಷ್ಟೇ ಹೇಳಿ ಹೊರಟರು.

ಮರುದಿನ ಬೆಳಿಗ್ಗೆ ಮೂವತ್ತೊಂದು ಮಕ್ಕಳ ಮುಂದೆ ನಿಂತೆ.

"ಈ ಕ್ಲಾಸಿನಲ್ಲಿ ಇನ್ನೊಬ್ಬ ಕಳ್ಳಿ ಇದ್ದಾಳೆ," ಎಂದೆ. "ಹಿಡೀರಿ ನೋಡೋಣ."

ಮೊದಲ ಬಾರಿಗೆ ಅವರೆಲ್ಲ ನನ್ನನ್ನೇ ನೋಡಿದರು.