ಮೆಚೂರ್ ಅಂದಳು ಜಯಮಾಲಾ

ಕೇಶ್ವಾಪುರದ ಮೂಲೆಯಲ್ಲಿ ನನ್ನ ಮಾವಿನಹಣ್ಣಿನ ಗಾಡಿ. ನನ್ನ ಆಪೂಸಿನ ವಾಸನೆಗೆ ಉಣಕಲ್ ಕೆರೆಯ ಮೀನುಗಳು ತಲೆ ಎತ್ತುತ್ತವೆ. ನಂಬದಿದ್ದರೆ ಮೀನುಗಳನ್ನೇ ಕೇಳಿ. ಅದೇ ವಾಸನೆ ಹಿಡಿದು ಶಾಲೆ ಬಿಟ್ಟ ಮೇಲೆ ದಿನಾ ಬರುವವಳು ಇಂಗ್ಲಿಷ್ ಟೀಚರ್ ಜಯಮಾಲಾ.

ಅವತ್ತು ಧೈರ್ಯ ಮಾಡಿ ಕೇಳಿಯೇ ಬಿಟ್ಟೆ.

"ಟೀಚರ್, ನನ್ನ ಲಗ್ನಾ ಆಗ್ತೀರೇನ್ರಿ? ಒಲ್ಲೆ ಅಂದ್ರೂ ನಾ ಏನ್ ಸಿಟ್ಟಾಗಂಗಿಲ್ಲ. ವಿಚಾರ ಮಾಡಿ ಹೇಳ್ರಿ, ಅವಸರಿಲ್ಲ."

ಅವಳು ಕಣ್ಣು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. "ಬೀರಲಿಂಗ, ನೀವು ಭಾಳ ಮೆಚೂರ್ ಅದೀರಿ," ಅಂದವಳೇ ಓಡಿಹೋಗಿ ಬಸ್ ಹತ್ತಿದಳು.

ನಾನು ತಕ್ಕಡಿ ಹಿಡಿದು ನಿಂತೇ ಇದ್ದೆ. ಮೆಚೂರ್! ನಾನು ಕಾಯಿ ತರುವ ಕೆಲಗೇರಿಯ ತೋಟದಲ್ಲಿ ದಿನಾ ಕೇಳುವ ಮಾತು. ಕಾಯಿ ಬಲಿತರೆ, 'ಮೆಚೂರ್ ಆಗೇತಿ, ಕಿತ್ತು ಕಳಸ್ರಿ' ಅನ್ನುತ್ತಾರೆ. ಹಾಗಾದರೆ ನನ್ನನ್ನೂ ಕಿತ್ತು ಕಳಿಸಿದಳೇ? ವಯಸ್ಸು ಬಲಿಯಿತು ಅಂದಳೇ?

ಪಕ್ಕದಲ್ಲಿ ಹೂ ಮಾರುವ ದೇವಕ್ಕನನ್ನು ಕೇಳಿದೆ. "ಯಕ್ಕಾ, ಮೆಚೂರ್ ಅಂದ್ರ ಏನಬೇ?"

"ಹುಡುಗ್ಯಾರು ದೊಡ್ಡವರಾದ್ರ ಹಂಗಂತಾರೋ ಯಪ್ಪಾ. ಕೂಡಿಸಿ ಆರತಿ ಮಾಡ್ತಾರ. ಯಾರ್ ಆಗ್ಯಾರ?"

"ನಾನು," ಅಂದೆ.

ಅವಳು ನಕ್ಕ ನಗುವಿಗೆ ಧಾರವಾಡದ ಬಸ್ಸು ಗಕ್ಕನೆ ನಿಂತಿತು.

ಮೂರು ದಿನ ಗಾಡಿ ಹಚ್ಚಲಿಲ್ಲ. ನಾಲ್ಕನೆಯ ದಿನ ಹೋದರೆ, ನನಗಿಂತ ಮೊದಲೇ ಜಯಮಾಲಾ ಬಂದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಕೇಳಾವ್ರು ಕೇಳಿ ಎಲ್ಲಿ ಓಡಿಹೋಗಿದ್ರಿ?"

"ಬಲಿತ ಕಾಯಿ ಅಂತ ಕಿತ್ತು ಕಳಿಸಿದಾವ್ರು ನೀವಽ ಅಲ್ಲೇನ್ರಿ?"

ಅವಳು ಮಿಕಿಮಿಕಿ ನೋಡಿದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಯ್ಯ ನಿಮ್ಮ! ಬುದ್ಧಿ ಪೂರ್ತಿ ಬೆಳದೈತಿ ಅಂತ ಅಂದಿದ್ದೆ. ಒಲ್ಲೆ ಅಂದ್ರೂ ಸಿಟ್ಟಾಗಂಗಿಲ್ಲ ಅನ್ನೋ ಗಂಡಸರು ಎಷ್ಟು ಮಂದಿ ಅದಾರ್ರಿ?"

"ಹಂಗಾರ ನನ್ನ ಪ್ರಶ್ನೆಗೆ ಉತ್ತರಾ?"

ಗಾಡಿಯಿಂದ ಒಂದು ಗಟ್ಟಿ ಕಾಯಿ ಎತ್ತಿ ನನ್ನ ಕೈಗಿಟ್ಟಳು. "ಮೆಚೂರ್ ಕಾಯಿ ಕಿತ್ತ ಮ್ಯಾಲೆ ಏನ್ ಮಾಡ್ತೀರಿ?"

"ಮನಿಗೆ ಒಯ್ದು ಹುಲ್ಲಿನಾಗ ಬೆಚ್ಚಗ ಇಡ್ತೇವ್ರಿ."

"ಹಂಗಾರ ಮನಿಗೆ ಕರಕೊಂಡು ಹೋಗ್ರಿ."

"ಈ ಕಾಯಿನೋ, ನಿಮ್ಮನ್ನೋ?"

"ಇಂಥಾ ಪ್ರಶ್ನೆ ಕೇಳಿದ್ರ ಮೆಚೂರ್ ಅಂದದ್ದು ವಾಪಸ್ ತಗೋತೇನಿ!"

ನಾನು ಬಾಯಿ ತೆರೆಯುವ ಮೊದಲೇ ಹೂವಿನ ಬುಟ್ಟಿಯ ಹಿಂದಿನಿಂದ ದೇವಕ್ಕ ಕೂಗಿದಳು:

"ಈಗರ ಆರತಿ ತರ್ಲೇನೋ?"